ಹತ್ತು ಡಿಗ್ರಿಯ ಗೆರೆ ಮತ್ತು ಬೇವೂರಿನ ಮಾಗಿ

ಎಳ್ಳ ಅಮಾವಾಸ್ಯೆಯ ದಿನ ಯಲಬುರ್ಗಾ ಸೀಮೆಯ ಬೇವೂರಿನ ಹೊಲವೊಂದರಲ್ಲಿ ಚರಗ ಚೆಲ್ಲುವ ಹೊತ್ತಿಗೆ ನಾವೂ ಇದ್ದೆವು. ಹೊತ್ತು ಮೂಡಿ ಎರಡು ತಾಸಾಗಿದ್ದರೂ ಜೋಳದ ಗರಿಗಳ ಮೇಲಿನ ಇಬ್ಬನಿ ಆರಿರಲಿಲ್ಲ. ಎರೆ ನೆಲದ ತಂಪು ಅಂಗಾಲಿನಿಂದ ಏರಿ ಮೊಣಕಾಲಿಗೆ ಹತ್ತುತ್ತಿತ್ತು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳ ಬುತ್ತಿ ಬಿಚ್ಚುವ ಮುನ್ನ ಹೊಲದ ಯಜಮಾನರು ಹೊದ್ದ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡು ಕೇಳಿದರು: “ಸರ, ರೇಡಿಯೋದಾಗ ಬೀದರ ಅಂತಾರ, ಬಿಜಾಪುರ ಅಂತಾರ, ಥಂಡಿ ಅಲ್ಲೇ ಐತಂತ. ಹಂಗಾರ ನಮ್ಮೂರಾಗ ಇರೋದೇನ್ರಿ?”

ನಗೆಯಾಟದಂತೆ ಕೇಳಿದ ಮಾತು. ಆದರೆ ಕೃಷಿ ವಿಜ್ಞಾನವನ್ನು ಓದಿ, ಬೆಳೆಗೂ ಹವೆಗೂ ಇರುವ ನಂಟನ್ನೇ ಹೊಟ್ಟೆಪಾಡು ಮಾಡಿಕೊಂಡಿರುವ ನಮಗೆ ಅಲ್ಲಿ ನಿಂತ ನಿಲುವಿನಲ್ಲಿ ತಕ್ಕ ಉತ್ತರ ಹೊಳೆಯಲಿಲ್ಲ. ಈ ಸಂಚಿಕೆಯ ಸಂಪಾದಕೀಯವನ್ನು ಆ ಪ್ರಶ್ನೆಗೇ ಮೀಸಲಿಟ್ಟಿದ್ದೇವೆ.

ಮೊದಲು ಮುನ್ನೋಟದ ಮಾತು. ಭಾರತೀಯ ಹವಾಮಾನ ಇಲಾಖೆಯು 2025ರ ಡಿಸೆಂಬರ್ 1ರಂದು ಹೊರಡಿಸಿದ ಚಳಿಗಾಲದ ಮುನ್ನೋಟದಲ್ಲಿ, ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಮೂರು ತಿಂಗಳಲ್ಲಿ ಮಧ್ಯ ಭಾರತ ಹಾಗೂ ಅದಕ್ಕೆ ಹೊಂದಿಕೊಂಡ ದಖ್ಖನ್ ಪ್ರದೇಶದ ಹಲವು ಕಡೆ ರಾತ್ರಿಯ ಉಷ್ಣಾಂಶವು ವಾಡಿಕೆಯಷ್ಟೇ ಅಥವಾ ಅದಕ್ಕಿಂತ ಕಡಿಮೆ ಇರುವ ಸಂಭವ ಹೆಚ್ಚೆಂದು ತಿಳಿಸಲಾಗಿತ್ತು. ಪೆಸಿಫಿಕ್ ಸಾಗರದ ನಡುಗೆರೆಯ ನೀರು ವಾಡಿಕೆಗಿಂತ ತಣ್ಣಗಾಗುವ ‘ಲಾ ನಿನಾ’ ಸ್ಥಿತಿಯು ಆಗ ದುರ್ಬಲವಾಗಿಯಾದರೂ ಕಾಣಿಸಿಕೊಂಡಿತ್ತು. ಅದೇ ಡಿಸೆಂಬರ್‌ನಲ್ಲಿ ಬೀದರ, ಕಲಬುರಗಿ, ವಿಜಯಪುರ ಜಿಲ್ಲೆಗಳಿಗೆ ಶೀತಗಾಳಿಯ ಎಚ್ಚರಿಕೆಗಳೂ ಬಂದವು. ಆದ್ದರಿಂದ ಮುನ್ನೋಟ ಸುಳ್ಳಾಯಿತೆಂದು ಹೇಳುವಂತಿಲ್ಲ. ಅದನ್ನು ಓದಿಕೊಳ್ಳುವ ಬಗೆ ಮಾತ್ರ ನಮ್ಮಲ್ಲಿ ಇನ್ನೂ ರೂಢಿಯಾಗಿಲ್ಲ.

ಬೀಜದ ಚೀಲದ ಮೇಲೆ ಮೊಳಕೆಯ ಪ್ರಮಾಣ ಇಷ್ಟೆಂದು ಅಚ್ಚು ಹಾಕಿರುತ್ತಾರೆ. ನೂರಕ್ಕೆ ಎಪ್ಪತ್ತೈದು ಎಂದಿದ್ದರೆ ಯಾವ ಎಪ್ಪತ್ತೈದು ಕಾಳು ಮೊಳೆಯುತ್ತವೆ, ಯಾವ ಇಪ್ಪತ್ತೈದು ಹುಸಿಯಾಗುತ್ತವೆ ಎಂಬುದನ್ನು ಚೀಲ ಹೇಳುವುದಿಲ್ಲ. ಆದರೂ ರೈತನು ಅದನ್ನು ನೋಡಿ ಕೂರಿಗೆಗೆ ಒಂದು ಹಿಡಿ ಬೀಜ ಹೆಚ್ಚು ಹಾಕುತ್ತಾನೆ. ಋತುವಿನ ಮುನ್ನೋಟವೂ ಅಂಥದೇ. ಯಾವ ರಾತ್ರಿ, ಯಾವ ಊರು ಎಂದು ಅದು ಹೇಳಲಾರದು. ಸಾಧ್ಯತೆಯ ತಕ್ಕಡಿ ಯಾವ ಕಡೆ ವಾಲಿದೆ ಎಂದಷ್ಟೇ ಹೇಳುತ್ತದೆ. ಇಂಥ ರಾತ್ರಿ ಕುರಿಮರಿಗಳನ್ನು ಒಳಗೆ ಕಟ್ಟಬೇಕೆಂದು ತಿಳಿಯಲು ಐದಾರು ದಿನಗಳ ಮುನ್ಸೂಚನೆಯನ್ನೇ ನೋಡಬೇಕು. ಈ ಎರಡನ್ನೂ ಒಂದೇ ಎಂದು ತಿಳಿದು ಹವಾಮಾನದವರನ್ನು ಬಯ್ಯುವುದು ನಮ್ಮ ಕಟ್ಟೆಗಳ ಹಳೆಯ ಚಟ.

ಈ ಚಳಿಯ ದಾರಿಯೂ ಗೊತ್ತಿರುವಂಥದೇ. ಪಶ್ಚಿಮದಿಂದ ಬರುವ ವಾಯುಭಾರ ಕುಸಿತವೊಂದು ಕಾಶ್ಮೀರ, ಹಿಮಾಚಲಗಳ ಮೇಲೆ ಹಿಮ ಸುರಿಸಿ ಮುಂದೆ ಸಾಗಿದ ಮೇಲೆ, ಅದರ ಹಿಂದೆ ಒಣ ತಣ್ಣನೆಯ ಬಡಗಣ ಗಾಳಿ ಇಳಿಯುತ್ತದೆ. ಮಧ್ಯಪ್ರದೇಶ, ಮರಾಠವಾಡಗಳನ್ನು ಹಾಯ್ದು ಅದು ಬೀದರದ ಮೂಲಕ ನಮ್ಮ ನಾಡನ್ನು ಹೊಗುತ್ತದೆ. ಬೀದರವು ನಮಗಿಂತ ಎರಡು ಅಕ್ಷಾಂಶದಷ್ಟು ಉತ್ತರಕ್ಕಿದೆ. ನಮಗಿಂತ ಎತ್ತರದಲ್ಲಿಯೂ ಇದೆ. ಮೊದಲ ಪೆಟ್ಟು ಅದಕ್ಕೇ ಬೀಳುವುದು ಸಹಜ. ಆದರೆ ಗಾಳಿಯೊಂದರಿಂದಲೇ ಚಳಿ ಹುಟ್ಟುವುದಿಲ್ಲ. ಮುಗಿಲಿಲ್ಲದ, ಗಾಳಿ ನಿಂತ ಉದ್ದನೆಯ ರಾತ್ರಿಯಲ್ಲಿ ನೆಲವು ಹಗಲೆಲ್ಲ ಹೀರಿದ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುತ್ತಾ ಹೋಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತವೆದ್ದು ಮೋಡ ಕವಿದರೆ ಒಂದೇ ರಾತ್ರಿಯಲ್ಲಿ ಚಳಿ ಸಡಿಲುತ್ತದೆ. ಮೋಡವು ನೆಲಕ್ಕೆ ಹೊದಿಸಿದ ಕಂಬಳಿಯಿದ್ದಂತೆ.

ಇನ್ನು ಯಜಮಾನರ ಪ್ರಶ್ನೆ. ಅವರ ಊರಿನ ಚಳಿಗೆ ಹೆಸರೇಕಿಲ್ಲ? ಇಲಾಖೆಯ ನಿಯಮದಂತೆ ಬಯಲು ಪ್ರದೇಶದಲ್ಲಿ ‘ಶೀತಗಾಳಿ’ ಎನ್ನಲು ಎರಡು ಷರತ್ತುಗಳು ಕೂಡಬೇಕು. ಕನಿಷ್ಠ ಉಷ್ಣಾಂಶವು 10 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ ಇಳಿದಿರಬೇಕು. ಜೊತೆಗೆ ಅದು ಆ ಸ್ಥಳದ ವಾಡಿಕೆಗಿಂತ 4.5ರಿಂದ 6.4 ಡಿಗ್ರಿ ಕಡಿಮೆ ಇರಬೇಕು. 6.4ನ್ನೂ ಮೀರಿ ಕುಸಿದರೆ ‘ತೀವ್ರ ಶೀತಗಾಳಿ’. ವಾಡಿಕೆ ಏನೇ ಇರಲಿ, 4 ಡಿಗ್ರಿಗೆ ಇಳಿದರೆ ಅದೂ ಶೀತಗಾಳಿಯೇ. ಗುಡ್ಡಗಾಡಿಗೆ ಈ ಗೆರೆ ಸೊನ್ನೆ ಡಿಗ್ರಿ.

ಈಗ ನಮ್ಮ ಸೀಮೆಯ ಲೆಕ್ಕ ಹಾಕೋಣ. ಸುತ್ತಲಿನ ಗದಗ, ಬಳ್ಳಾರಿ, ರಾಯಚೂರುಗಳ ಹಳೆಯ ವೀಕ್ಷಣಾಲಯಗಳ ಸರಾಸರಿಯನ್ನು ನೋಡಿದರೆ ಜನವರಿಯ ರಾತ್ರಿಯ ವಾಡಿಕೆ ಹದಿನಾರು, ಹದಿನೇಳು ಡಿಗ್ರಿಯ ಆಸುಪಾಸಿನಲ್ಲಿದೆ. ಬೇವೂರಿಗೆ ಅದನ್ನು ಹದಿನಾರೂವರೆ ಎಂದು ಹಿಡಿಯಿರಿ. ಒಂದು ರಾತ್ರಿ ಉಷ್ಣಾಂಶ ಹನ್ನೆರಡಕ್ಕೆ ಇಳಿಯಿತು ಎನ್ನಿ: ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಕಡಿಮೆ. ಹನ್ನೊಂದಕ್ಕೆ ಇಳಿದರೆ ಐದೂವರೆ ಕಡಿಮೆ. ಆದರೂ ಹತ್ತರ ಗೆರೆ ಮುಟ್ಟದ ಕಾರಣ ಅದು ಶೀತಗಾಳಿಯಲ್ಲ. ಸರಿಯಾಗಿ ಹತ್ತಕ್ಕೆ ಬಂದಾಗ ಕುಸಿತವು ಆರೂವರೆಯಾಗಿರುತ್ತದೆ. ಅಂದರೆ ನೇರವಾಗಿ ‘ತೀವ್ರ’ ಎಂಬ ಮೆಟ್ಟಿಲಿಗೇ ಏರಿಬಿಡುತ್ತದೆ. ಹೀಗೆ ನಮ್ಮಂಥ ಊರುಗಳ ಪಾಲಿಗೆ ಕಾಗದದ ಮೇಲೆ ಚಳಿಯೇ ಇಲ್ಲ, ಇಲ್ಲವೇ ಒಮ್ಮೆಗೇ ಕಡುಚಳಿ. ನಡುವಿನ ಮೆಟ್ಟಿಲು ಮಾಯವಾಗಿದೆ. ಹಟ್ಟಿಯಲ್ಲಿ ಮರಿಗಳು ಸಾಯುವುದೂ ಮುದುಕರು ಉಸಿರಿಗೆ ಒದ್ದಾಡುವುದೂ ಆ ನಡುವಿನ ಮೆಟ್ಟಿಲಿನಲ್ಲಿಯೇ.

ಇದು ಬರಿಯ ಪರಿಭಾಷೆಯ ತಕರಾರಲ್ಲ. ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ನೆರವು ಪಡೆಯಬಹುದಾದ ವಿಪತ್ತುಗಳ ಪಟ್ಟಿಯಲ್ಲಿ ಶೀತಗಾಳಿಯೂ ಇದೆ. ಆದರೆ ಗೆರೆ ದಾಟದ ಚಳಿಗೆ ಎಚ್ಚರಿಕೆಯಿಲ್ಲ. ಎಚ್ಚರಿಕೆಯಿಲ್ಲದ ಕಡೆ ಶಾಲೆಯ ಹೊತ್ತು ಬದಲಾಗದು, ಸತ್ತ ಕುರಿಯ ಲೆಕ್ಕ ಬರೆದುಕೊಳ್ಳಲು ಯಾರೂ ಬರುವುದಿಲ್ಲ. ಇಲಾಖೆಯೇ ಕರಾವಳಿಗೆ ಬೇರೆ ಅಳತೆಗೋಲು ಇಟ್ಟುಕೊಂಡಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಕಡಲ ತಡಿಯಲ್ಲಿ ಹತ್ತು ಡಿಗ್ರಿ ಬರುವುದು ಅಪರೂಪವೆಂದು ಅಲ್ಲಿ 15 ಡಿಗ್ರಿಯನ್ನು ಗೆರೆಯಾಗಿಟ್ಟು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಇಳಿದರೆ ಶೀತಗಾಳಿ ಎನ್ನುತ್ತಾರೆ. ನ್ಯಾಯವಾದ ಕ್ರಮ. ಅದೇ ನ್ಯಾಯ ತುಂಗಭದ್ರೆಯ ಇಕ್ಕೆಲಗಳ ಈ ಬೆಚ್ಚನೆಯ ಬಯಲಿಗೆ ಏಕೆ ದೊರೆಯಬಾರದು? ಇಲಾಖೆಯು ಶೀತಗಾಳಿಯ ಮುಖ್ಯ ವಲಯವೆಂದು ಗುರುತಿಸಿರುವ ರಾಜ್ಯಗಳ ಸಾಲಿನಲ್ಲಿ ಮರಾಠವಾಡವಿದೆ, ತೆಲಂಗಾಣವಿದೆ. ಇವೆರಡರ ನಡುವೆ ಸಿಕ್ಕಿಕೊಂಡ ಉತ್ತರ ಒಳನಾಡು ಕರ್ನಾಟಕವಿಲ್ಲ. ಗಾಳಿಗೆ ರಾಜ್ಯದ ಗಡಿ ಕಾಣುವುದಿಲ್ಲ.

ಎರಡನೆಯ ತೊಡಕು ನೆಲದ ಏರಿಳಿತದ್ದು. ಗುಡ್ಡದ ಬದಿಯ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಗಿನ ಜಾವ ಗಾಡಿಯ ಮೇಲೆ ದಿಬ್ಬ ಇಳಿದು ಹಳ್ಳದ ತಗ್ಗಿಗೆ ಬರುತ್ತಿದ್ದಂತೆ ಮುಖಕ್ಕೆ ತಣ್ಣೀರು ಎರಚಿದಂತಾಗುತ್ತದೆ. ಆಚೆಯ ಏರು ಹತ್ತಿದೊಡನೆ ಮೈ ಹಗುರಾಗುತ್ತದೆ. ತಣ್ಣನೆಯ ಗಾಳಿ ಭಾರವಾದದ್ದು. ನೀರಿನಂತೆಯೇ ಅದು ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಆದಕಾರಣ ನಿಶ್ಚಲ ರಾತ್ರಿಗಳಲ್ಲಿ ಗುಡ್ಡದ ನೆತ್ತಿಗಿಂತ ಬುಡವೇ ಹೆಚ್ಚು ತಣ್ಣಗಿರುತ್ತದೆ. ಮೇಲೆ ಹೋದಂತೆಲ್ಲ ಚಳಿ ಹೆಚ್ಚುತ್ತದೆಂಬ ಶಾಲೆಯ ಪಾಠ ಹಗಲಿಗೂ ಗಾಳಿ ಬೀಸುವ ರಾತ್ರಿಗೂ ಸರಿ. ಮಾಗಿಯ ಬೆಳಗಿನ ಜಾವಕ್ಕೆ ಅದು ತಲೆಕೆಳಗು. ಹಿಂದಿನವರು ಕುರಿಹಟ್ಟಿಗಳನ್ನು ಹಳ್ಳದ ದಡದಲ್ಲಿ ಕಟ್ಟದೆ ಅರ್ಧ ಏರಿನಲ್ಲಿ, ಬಡಗಣಕ್ಕೆ ಬಂಡೆಯ ಮರೆ ಇರುವಲ್ಲಿ ಕಟ್ಟಿದರು. ಈಗ ರಸ್ತೆಗೆ ಹತ್ತಿರವಾಗಲೆಂದು ತಗ್ಗಿಗೆ ತಗಡಿನ ಶೆಡ್ಡು ಇಳಿಸುತ್ತಿದ್ದೇವೆ.

ಅಳತೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹವಾಮಾನ ಕೇಂದ್ರದ ತಾಪಮಾಪಕವು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಬಿಳಿಯ ಜಾಲರಿ ಪೆಟ್ಟಿಗೆಯೊಳಗೆ ಇರುತ್ತದೆ. ನೆಲಮಟ್ಟದಲ್ಲಿ, ಕಡಲೆ ಗಿಡದ ತುದಿಯ ಹತ್ತಿರ, ಅದೇ ಹೊತ್ತಿನಲ್ಲಿ ಚಳಿ ಹಲವು ಡಿಗ್ರಿ ಹೆಚ್ಚಿರಬಹುದು. ಬಯಲಿನಲ್ಲಿ ಮಲಗಿದ ಕುರಿಗಾರನ ಮೈ ಇರುವುದು ನೆಲಮಟ್ಟದಲ್ಲಿ, ನಾಲ್ಕಡಿ ಮೇಲಲ್ಲ.

ಹಾಗಾದರೆ ಈ ಚಳಿಯಿಂದ ಬೆಳೆಗೆ ಕೇಡೇ? ಎಲ್ಲಕ್ಕೂ ಅಲ್ಲ. ಹಿಂಗಾರಿಯ ಬೆಳೆಗಳು ಮಾಗಿಯನ್ನು ಉಂಡೇ ಬೆಳೆಯುವಂಥವು. ಕಡಲೆಗೆ ತಂಪು ಬೇಕು. ನಮ್ಮ ಹಗಲುಗಳು ಬೆಚ್ಚಗಿರುವುದರಿಂದ ಉತ್ತರ ಭಾರತದಂತೆ ಇಲ್ಲಿ ಚಳಿಗೆ ಹೂ ಉದುರುವ ಭಯ ಕಡಿಮೆ. ಗಿಡದ ಮೇಲೆ ರಾತ್ರಿ ಬಟ್ಟೆ ಹಾಸಿ, ಬೆಳಿಗ್ಗೆ ಇಬ್ಬನಿಯೊಡನೆ ಹಿಂಡಿ ಕಡಲೆಹುಳಿ ಕೂಡಿಸಿಡುತ್ತಿದ್ದ ಅಜ್ಜಿಯರಿಗೆ ಒಳ್ಳೆಯ ಚಳಿಯೆಂದರೆ ಒಳ್ಳೆಯ ಹುಳಿ. ಬಿಳಿಜೋಳದ ಮಾತು ಬೇರೆ. ತೆನೆ ಹೊಡೆಯಲ್ಲಿರುವಾಗ, ಹೂ ಅರಳುವಾಗ ರಾತ್ರಿಯ ಉಷ್ಣಾಂಶ ಹದಿಮೂರಕ್ಕಿಂತ ಕೆಳಗೆ ನಾಲ್ಕಾರು ದಿನ ನಿಂತರೆ ಪರಾಗವು ಸತ್ವಗುಂದಿ ತೆನೆಯಲ್ಲಿ ಕಾಳು ಬಿರುಸಾಗಿ ಕಟ್ಟುವುದಿಲ್ಲ. ಮಾಲದಂಡಿಯಂಥ ಹಳೆಯ ತಳಿಗಳು ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಸಂಕರ ತಳಿಗಳು ಅಷ್ಟಾಗಿ ತಾಳವು. ಹದಿಮೂರು ಎಂಬ ಅಂಕಿಯನ್ನು ಗಮನಿಸಿರಿ. ಜೋಳವು ಹತ್ತರ ಗೆರೆಯನ್ನು ಕಾಯುತ್ತಾ ಕೂರುವುದಿಲ್ಲ.

ಕುಷ್ಟಗಿ, ಯಲಬುರ್ಗಾಗಳ ದಾಳಿಂಬೆ ಬೆಳೆಗಾರರಿಗೆ ಬರಿಯ ಚಳಿಗಿಂತ ಹಗಲು ರಾತ್ರಿಗಳ ನಡುವಿನ ದೊಡ್ಡ ಅಂತರವೇ ಕಾಟ. ಅದರ ಜೊತೆಗೆ ನೀರು ಕೊಡುವುದರಲ್ಲಿ ಏರುಪೇರಾದರೆ ಕಾಯಿ ಸೀಳುತ್ತದೆ. ಹನಿ ನೀರನ್ನು ದಿನಬಿಟ್ಟು ದಿನ ಹೆಚ್ಚು ಹರಿಸದೆ ಸಮನಾಗಿ ಕೊಡುವುದೊಂದೇ ದಾರಿ. ಗಂಗಾವತಿಯ ಕಾಲುವೆ ಸೀಮೆಯಲ್ಲಿ ಎರಡನೆಯ ಬೆಳೆಗೆ ನೀರು ದೊರೆತ ವರ್ಷಗಳಲ್ಲಿ ಡಿಸೆಂಬರ್, ಜನವರಿಯ ಭತ್ತದ ಸಸಿಮಡಿಗಳು ಹಳದಿಗಟ್ಟಿ ನಿಂತುಬಿಡುತ್ತವೆ. ಯೂರಿಯಾ ಕಡಿಮೆಯಾಯಿತೆಂದು ಮತ್ತಷ್ಟು ಸುರಿಯುವವರಿದ್ದಾರೆ. ಕೊರತೆ ಗೊಬ್ಬರದ್ದಲ್ಲ, ಕಾವಿನದು. ಬೆಳಿಗ್ಗೆ ತಣ್ಣಗಾದ ನೀರನ್ನು ಬಸಿದು ಸಂಜೆ ಕೊಳವೆಬಾವಿಯ ನೀರು ಕಟ್ಟಿದರೆ ಸಸಿ ಚೇತರಿಸುತ್ತದೆ. ನೆಲದಾಳದ ನೀರು ಈ ಕಾಲದಲ್ಲಿ ಮೇಲಿನ ಗಾಳಿಗಿಂತ ಎಷ್ಟೋ ಬೆಚ್ಚಗಿರುತ್ತದೆ.

ಕುರಿಗಳ ಮಾತನ್ನು ತುಸು ಹೆಚ್ಚು ಹೇಳಬೇಕು. ಕೊಪ್ಪಳ, ರಾಯಚೂರುಗಳ ಸ್ವಂತ ತಳಿಯಾದ ಕೆಂಗುರಿಗೆ ಉಣ್ಣೆ ತೆಳು. ದೊಡ್ಡ ಕುರಿ ಹೇಗೋ ತಡೆದೀತು. ಹುಟ್ಟಿದ ಮೊದಲ ಒಂದೆರಡು ದಿನಗಳ ಮರಿ ಒದ್ದೆ ಮೈಯಲ್ಲಿ ತಗ್ಗಿನ ಚಳಿಗೆ ಸಿಕ್ಕರೆ ಬೆಳಗಾಗುವುದರೊಳಗೆ ಸೆಟೆದಿರುತ್ತದೆ. ಮರಿಯ ಮೈ ಒರೆಸಿ ಒಣಗಿಸಿ, ಮೊದಲ ಗಿಣ್ಣು ಹಾಲನ್ನು ಬೇಗನೆ ಕುಡಿಸಿ, ಒಣ ಸೊಪ್ಪೆಯ ಹಾಸಿನ ಮೇಲೆ ಗಾಳಿಗೆ ಮರೆಯಾಗಿ ಇಟ್ಟರೆ ಬಹುಪಾಲು ಉಳಿಯುತ್ತವೆ. ಇದು ಕುರಿಗಾರರಿಗೆ ತಿಳಿಯದ್ದಲ್ಲ. ಆದರೆ ಹೊಲದಿಂದ ಹೊಲಕ್ಕೆ ಗೊಬ್ಬರಕ್ಕಾಗಿ ಹಿಂಡು ನಿಲ್ಲಿಸುತ್ತಾ ಹೋಗುವವನಿಗೆ ನಾಳೆಯ ರಾತ್ರಿ ಕಡಿದಾಗಿದೆ ಎಂಬ ಸುದ್ದಿ ಸಂಜೆಯೊಳಗೆ ತಲುಪಬೇಕು. ಹುಣಸೆ ಬೀಜದ ಸರಿ ಬಳಿದ ಕರಿಯ ಕಂಬಳಿ ಮಳೆಯನ್ನೂ ಚಳಿಯನ್ನೂ ತಡೆಯುತ್ತಿತ್ತು. ಉಣ್ಣೆಯ ಕುರಿಯನ್ನು ಬಿಟ್ಟು ಮಾಂಸದ ಕುರಿಗೆ ತಿರುಗಿದ ಮೇಲೆ ಕಂಬಳಿಯೂ ತುಟ್ಟಿಯಾಯಿತು, ನೇಯುವ ಮಗ್ಗಗಳೂ ಮೂಲೆ ಸೇರಿದವು. ಅದರ ಜಾಗಕ್ಕೆ ಬಂದ ಸಂತೆಯ ನಯವಾದ ಹೊದಿಕೆ ಇಬ್ಬನಿಗೆ ತೊಯ್ದು ತೊಪ್ಪೆಯಾಗುತ್ತದೆ.

ಮನೆಗಳೂ ಬದಲಾಗಿವೆ. ಮಣ್ಣಿನ ಮೇಲ್ಮುದ್ದೆಯ ಮಾಳಿಗೆ ಮನೆ ಹಗಲಿನ ಕಾವನ್ನು ನಡುರಾತ್ರಿಯವರೆಗೂ ಹಿಡಿದಿಡುತ್ತಿತ್ತು. ತಗಡು ಹೊತ್ತು ಮುಳುಗುತ್ತಲೇ ತಣ್ಣಗಾಗುತ್ತದೆ. ದುಡಿಯುವ ಕೈಗಳೆಲ್ಲ ಬೆಂಗಳೂರು, ಗೋವೆ, ಮಂಗಳೂರುಗಳಿಗೆ ಗುಳೆ ಹೋದ ಊರುಗಳಲ್ಲಿ ಆ ತಗಡಿನ ಕೆಳಗೆ ಉಳಿದಿರುವವರು ಮುದುಕರು ಮತ್ತು ಮಕ್ಕಳು. ಚಳಿಯಲ್ಲಿ ರಕ್ತನಾಳಗಳು ಬಿಗಿದು ರಕ್ತದೊತ್ತಡ ಏರುತ್ತದೆ. ದಮ್ಮಿನವರಿಗೆ ಬೆಳಗಿನ ಜಾವವೇ ಕಠಿಣ. ಬಾಗಿಲು ಕಿಟಕಿ ಮುಚ್ಚಿ, ಒಳಗೆ ಕೆಂಡದ ಬುಟ್ಟಿ ಇಟ್ಟುಕೊಂಡು ಮಲಗುವ ರೂಢಿಯ ಬಗ್ಗೆ ಮಾತ್ರ ಕಟುವಾಗಿಯೇ ಹೇಳುತ್ತೇವೆ: ಬೇಡ. 2025ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಹೀಗೆಯೇ ಇದ್ದಿಲು ಉರಿಸಿ ಮಲಗಿದ ಮೂವರು ಯುವಕರು ಮತ್ತೆ ಏಳಲಿಲ್ಲ. ಇದ್ದಿಲಿನ ವಿಷಾನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಹೊರಗೆ ಬೆಂಕಿ ಕಾಯಿಸುವವರಿಗೂ ಒಂದು ವಿನಂತಿ. ಗುಡ್ಡದ ಕುರುಚಲನ್ನು ಕಡಿಯಬೇಡಿರಿ. ಹೊಲದ ಬದುವಿನ ಜಾಲಿ, ಬೇವುಗಳನ್ನೂ ಸವರಬೇಡಿರಿ. ಬಡಗಣ ಗಾಳಿಗೆ ಅಡ್ಡ ನಿಲ್ಲುವುದು ಅವೇ.

ಗಾಳಿಯ ಮಾತು ಬಂದುದರಿಂದ, ಓದುಗರು ಪದೇ ಪದೇ ಕೇಳುವ ಗಾಳಿಯಂತ್ರಗಳ ಬಗೆಗೂ ಒಂದು ಮಾತು. ಯಲಬುರ್ಗಾ, ಕುಕನೂರು, ಗದಗ ಸೀಮೆಗಳಲ್ಲಿ ಎದ್ದಿರುವ ಈ ಕಂಬಗಳು ಚಳಿಯನ್ನು ಹೆಚ್ಚಿಸುತ್ತವೆಯೇ? ಅಮೆರಿಕದ ಟೆಕ್ಸಾಸ್‌ನ ಗಾಳಿಯಂತ್ರಗಳ ಬಯಲನ್ನು ಉಪಗ್ರಹದಿಂದ ಅಳೆದು 2012ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ವಿರುದ್ಧವಾದುದನ್ನೇ ಕಂಡಿತು. ರಾತ್ರಿ ಮೇಲಿನ ಬೆಚ್ಚನೆಯ ಗಾಳಿಯನ್ನು ರೆಕ್ಕೆಗಳು ಕೆಳಕ್ಕೆ ಕಲಕುವುದರಿಂದ ನೆಲದ ಉಷ್ಣಾಂಶ ತುಸು ಏರುತ್ತದೆ. ಗಾಳಿಯಂತ್ರಗಳ ವಿಷಯದಲ್ಲಿ ನಮ್ಮ ತಕರಾರುಗಳು ಬೇರೆ ಇವೆ, ಗುಡ್ಡ ಕಡಿದ ರಸ್ತೆಗಳದ್ದು, ಗೋಮಾಳದ್ದು. ಚಳಿಯ ಆರೋಪವನ್ನು ಅವುಗಳ ಮೇಲೆ ಹೊರಿಸುವುದು ತರವಲ್ಲ.

‘ಭೂಮಿ ಬಿಸಿಯಾಗುತ್ತಿದೆ ಎನ್ನುತ್ತೀರಿ, ಇಲ್ಲಿ ನೋಡಿದರೆ ಹಲ್ಲು ಕಟಕಟ ಎನ್ನುತ್ತಿವೆ’ ಎಂದು ವಿದ್ಯಾರ್ಥಿಗಳು ಕೇಳುವುದುಂಟು. 1901ರಿಂದ ಇಟ್ಟ ದಾಖಲೆಯಲ್ಲಿ ಭಾರತಕ್ಕೆ ಅತ್ಯಂತ ಬಿಸಿಯಾದ ವರ್ಷ 2024. ಅದರಾಚೆಗೂ ಕಡುಚಳಿಯ ರಾತ್ರಿಗಳು ಬಂದವು, ಬರುತ್ತವೆ. ಸರಾಸರಿ ಏರುವುದೆಂದರೆ ಏರುಪೇರು ನಿಲ್ಲುವುದೆಂದಲ್ಲ. ಬೆಂಗಳೂರಿನ ದಾಖಲೆಯ ಕನಿಷ್ಠ ಉಷ್ಣಾಂಶ 7.8 ಡಿಗ್ರಿ, ಅದು 1884ರ ಜನವರಿ 13ರದು. ಹಿಂದಿನ ಆಗಸ್ಟಿನಲ್ಲಿ ಕ್ರಕಟೋವಾ ಜ್ವಾಲಾಮುಖಿ ಸಿಡಿದು ಜಗತ್ತಿನ ಆಕಾಶಕ್ಕೆ ಬೂದಿ ಹರಡಿತ್ತು. ಎರಡನ್ನೂ ಗಂಟುಹಾಕಲು ಮನಸ್ಸು ಹಾತೊರೆಯುತ್ತದೆ. ಒಂದೇ ರಾತ್ರಿಯನ್ನು ಹಿಡಿದುಕೊಂಡು ಹಾಗೆ ಹೇಳಬಾರದು. ಹಿಂಗಾರಿಗೆ ನಿಜವಾದ ಆತಂಕ ಇನ್ನೊಂದಿದೆ. ಡಿಸೆಂಬರ್, ಜನವರಿಯ ಚಳಿಯ ಬೆನ್ನಿಗೇ ಫೆಬ್ರವರಿ ಉರಿಯತೊಡಗಿದರೆ ಕಡಲೆ, ಜೋಳದ ಕಾಳು ತುಂಬುವ ಮೊದಲೇ ಬಲಿತು ಜೊಳ್ಳಾಗುತ್ತವೆ. 2023ರ ಮತ್ತು 2025ರ ಫೆಬ್ರವರಿಗಳು ಹಾಗೆ ಬಿಸಿಯೇರಿದವು.

ಅಳತೆಯ ಸಲಕರಣೆ ನಮ್ಮಲ್ಲಿ ಇಲ್ಲವೆಂದಲ್ಲ. 1988ರಲ್ಲಿ ಬರ ನಿಗಾ ಘಟಕವಾಗಿ ಆರಂಭವಾಗಿ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆನಿಸಿದ ಸಂಸ್ಥೆಯು ಹೋಬಳಿ ಮಟ್ಟದಲ್ಲಿ ಉಷ್ಣಾಂಶ, ತೇವ, ಗಾಳಿಗಳನ್ನು ಅಳೆಯುವ ಕೇಂದ್ರಗಳನ್ನೂ ಪಂಚಾಯತಿಗೊಂದು ಮಳೆಮಾಪಕವನ್ನೂ ನೆಟ್ಟಿದೆ. ಬೇರೆ ಹಲವು ರಾಜ್ಯಗಳಿಗೆ ಇಲ್ಲದ ಭಾಗ್ಯ ಅದು. ಆದರೆ ಆ ಅಂಕಿಗಳು ಬೆಂಗಳೂರಿಗೆ ಹೋಗುತ್ತವೆ. ಊರಿನ ಪಂಚಾಯತಿ ಕಟ್ಟೆಯ ಹಲಗೆಗೆ ಮರಳಿ ಬರುವುದು ಅಪರೂಪ. ಅವುಗಳನ್ನು ಬೆಳೆಯ ಭಾಷೆಗೆ ತಿರುಗಿಸಿ ರೈತನಿಗೆ ಹೇಳಲೆಂದು ದೇಶದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ತೆರೆದಿದ್ದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಲಾಯಿತು. ಸ್ವಯಂಚಾಲಿತ ಯಂತ್ರಗಳು ಬಂದಿವೆ, ಆಳು ಬೇಕಿಲ್ಲ ಎಂಬ ವಾದ ಅದರ ಹಿಂದಿತ್ತು. ಯಂತ್ರ ಹನ್ನೊಂದು ಡಿಗ್ರಿ ಎಂದು ಬರೆಯುತ್ತದೆ. ಇಂದು ಸಂಜೆ ಸಸಿಮಡಿಗೆ ನೀರು ಕಟ್ಟಿ, ಮರಿಗಳನ್ನು ಏರಿಗೆ ಸಾಗಿಸಿ ಎಂದು ಹೇಳಲು ನೆಲ ಬಲ್ಲ ಒಬ್ಬ ಮನುಷ್ಯನೇ ಬೇಕು. ಆ ಘಟಕಗಳು ಮರಳಿ ಬರಬೇಕು. ಹೋಬಳಿಯ ಕನಿಷ್ಠ ಉಷ್ಣಾಂಶ ದಿನವೂ ಊರಿಗೆ ಕಾಣಬೇಕು. ಉತ್ತರ ಒಳನಾಡಿಗೆ ಹತ್ತರ ಗೆರೆಯನ್ನು ಸಡಿಲಿಸಿ, ವಾಡಿಕೆಯಿಂದ ಆದ ಕುಸಿತವನ್ನೇ ಎಚ್ಚರಿಕೆಗೆ ಆಧಾರವಾಗಿ ಹಿಡಿಯಬೇಕು. ಜಿಲ್ಲಾಡಳಿತಕ್ಕೂ ಹವಾಮಾನ ಇಲಾಖೆಗೂ ಈ ಮೂರು ಬೇಡಿಕೆಗಳನ್ನು ಬರೆದು ಕಳಿಸುತ್ತಿದ್ದೇವೆ.

ಬೇಡಿಕೆಯ ಜೊತೆಗೆ ಪುರಾವೆಯೂ ಬೇಕು. ಅದಕ್ಕಾಗಿ ಪ್ರೌಢಶಾಲೆಗಳ ವಿಜ್ಞಾನದ ಗುರುಗಳಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಒಂದು ಕೋರಿಕೆ. ಗರಿಷ್ಠ–ಕನಿಷ್ಠ ತಾಪಮಾಪಕಗಳು ಎರಡಿದ್ದರೆ ಸಾಕು. ಒಂದನ್ನು ಊರಿನ ಏರಿನಲ್ಲಿ, ಮತ್ತೊಂದನ್ನು ಹಳ್ಳದ ತಗ್ಗಿನಲ್ಲಿ, ಗೋಡೆಗೆ ತಾಗಿಸದೆ, ಮೇಲೆ ನೆರಳು ಮಾಡಿ, ನೆಲದಿಂದ ನಾಲ್ಕಡಿ ಎತ್ತರಕ್ಕೆ ತೂಗುಹಾಕಿರಿ. ಬೆಳಿಗ್ಗೆ ಎಂಟೂವರೆಗೆ ಓದಿ, ಮುಳ್ಳನ್ನು ಮರಳಿ ಕೂಡಿಸಿ, ದಿನಾಂಕದೊಡನೆ ಬರೆದಿಡಿರಿ. ರಾತ್ರಿ ಮೋಡವಿತ್ತೇ, ಗಾಳಿಯಿತ್ತೇ, ಇಬ್ಬನಿ ಬಿದ್ದಿತೇ, ಹಟ್ಟಿಯಲ್ಲಿ ಮರಿ ಸತ್ತಿತೇ ಎಂಬುದನ್ನೂ ಪಕ್ಕದಲ್ಲಿ ಗುರುತು ಮಾಡಿರಿ. ಚಳಿಯು ಶಿವರಾತ್ರಿಗೆ ಶಿವಶಿವ ಎಂದು ಹೋಗುತ್ತದೆನ್ನುತ್ತಾರೆ. ಅಲ್ಲಿಯವರೆಗಿನ ಹಾಳೆಗಳನ್ನು ನಮಗೆ ತಲುಪಿಸಿದರೆ ಊರಿನ ಹೆಸರಿನೊಡನೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡುತ್ತೇವೆ. ಬೇವೂರಿನ ಯಜಮಾನರು ತಮ್ಮ ಹೊಲದ ಬದುವಿನ ಬೇವಿನ ಮರಕ್ಕೆ ಒಂದನ್ನು ಈಗಾಗಲೇ ಕಟ್ಟಿಸಿಕೊಂಡಿದ್ದಾರೆ. ಮೊಮ್ಮಗಳು ದಿನವೂ ಶಾಲೆಗೆ ಹೋಗುವ ಮುನ್ನ ಓದಿ ಬರೆಯುತ್ತಾಳೆ.